ಎರಡು ಬಾರಿ ಮೇಲೆ ಬರುವ ಪಿಸ್ಟನ್

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇಡ್ಲಿ ನಿಂತುಹೋಯಿತು. ಅಕ್ಕಿ ಇರಲಿಲ್ಲವೆಂದಲ್ಲ, ಗಾಜಿಯಾಬಾದಿನ ಥಂಡಿಯಲ್ಲಿ ಹಿಟ್ಟು ಹುದುಗುವುದಿಲ್ಲವೆಂದೂ ಅಲ್ಲ, ಹುದುಗುವುದಿಲ್ಲ ಎಂಬುದು ನಿಜವಾದರೂ. ಇಡ್ಲಿ ಪಾತ್ರೆಯ ಎರಡು ತಟ್ಟೆಗಳನ್ನು ನಾನು ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ ಇಟ್ಟುಕೊಂಡಿದ್ದೆ. ಒಂದೊಂದು ತಟ್ಟೆಗೆ ನಾಲ್ಕು ಗುಳಿ, ಎರಡು ತಟ್ಟೆಗೆ ಎಂಟು. ಅತ್ತೆಯ ಹಳೆಯ ಕಾರಿನ ಇಂಜಿನ್ನಿನಲ್ಲಿ ವಾಲ್ವುಗಳೂ ಎಂಟು. ಇಷ್ಟು ಕರಾರುವಾಕ್ಕಾದ ಹೊಂದಾಣಿಕೆ ಕಂಡರೆ ನಂಬಿಕೆಯುಳ್ಳವರು ದೈವಸಂಕಲ್ಪ ಎನ್ನುತ್ತಿದ್ದರು. ನಾನು ಅನುಕೂಲ ಎಂದೆ, ಒಂದೊಂದು ಗುಳಿಯಲ್ಲಿ ಒಂದೊಂದು ವಾಲ್ವು, ಅದರ ಸ್ಪ್ರಿಂಗು, ಅದರ ಟೋಪಿ ಹೀಗೆ ಸಾಲಾಗಿ ಇಟ್ಟೆ.

ಸಾಲು ಏಕೆ ಮುಖ್ಯವೆಂದು ಕೇಳಿದರೆ ಹೇಳುತ್ತೇನೆ. ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲಿನ ಆವಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳೇ ವಾಲ್ವುಗಳು. ಹಳೆಯ ಇಂಜಿನ್ನಿನಲ್ಲಿ ಪ್ರತಿಯೊಂದು ವಾಲ್ವೂ ತಾನು ಕೂರುವ ಜಾಗವನ್ನು ವರ್ಷಗಟ್ಟಲೆ ಬಡಿದು ಬಡಿದು ತನಗೆ ಒಗ್ಗುವಂತೆ ಸವೆಸಿಕೊಂಡಿರುತ್ತದೆ, ಆ ಜಾಗವೂ ಅದನ್ನು ಸವೆಸಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಸೋರುತ್ತದೆ. ಇಲ್ಲಿ ದಾಂಪತ್ಯದ ಮಾತು ತರಬೇಕೆಂದು ನಿಮ್ಮ ಕೈ ತುರಿಸುತ್ತಿರಬಹುದು, ನನ್ನದೂ ತುರಿಸಿತು, ತರುವುದಿಲ್ಲ. ಉಪಮೆಯೊಂದು ಕರೆಯದೆ ಬಂದು ಬಾಗಿಲು ತಟ್ಟಿದರೆ ಮೊದಲು ಅದರ ಗುರುತಿನ ಚೀಟಿ ಕೇಳುವುದು ನನ್ನ ಅಭ್ಯಾಸ.

ಕಾರಿನ ಹೆಸರನ್ನೂ ಹೇಳುವುದಿಲ್ಲ. ಹೇಳಿದೊಡನೆ ನಿಮ್ಮಲ್ಲಿ ಅರ್ಧ ಜನ ಅದು ನಮ್ಮ ಮನೆಯಲ್ಲೂ ಇತ್ತು ಎಂದು ಶುರುಮಾಡುತ್ತೀರಿ, ಆಮೇಲೆ ಪ್ರಬಂಧ ನಿಮ್ಮದಾಗುತ್ತದೆ. ಗುಂಡು ದೀಪ, ಗುಂಡು ಬೆನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. ಇಷ್ಟು ಸಾಕು.

ಆಗ ನಾನು ದೆಹಲಿಯಲ್ಲಿ ಕಾನೂನು ಓದುತ್ತಿದ್ದೆ, ಗಾಜಿಯಾಬಾದಿನ ಇಂದಿರಾಪುರಂನಲ್ಲಿ ವಿಮಲತ್ತೆಯ ಮನೆಯಲ್ಲಿದ್ದೆ. ಅಪ್ಪನ ತಂಗಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಸುಮಾರು ಇಪ್ಪತ್ತು ವರ್ಷ ಆ ಕಾರನ್ನು ತಾನೇ ಓಡಿಸಿಕೊಂಡು ಕಚೇರಿಗೆ ಹೋಗಿಬಂದವಳು. ಒಂದು ಜೂನ್ ಮಧ್ಯಾಹ್ನ ಅದು ಸೇತುವೆಯ ಮೇಲೆ ಕುದಿದು ನಿಂತಿತು. ಎಣ್ಣೆಗೆ ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣವಾಗಿತ್ತು. ಇಂಜಿನ್ ಇಳಿಸಿ ಬಿಚ್ಚಬೇಕು ಎಂದರು ಗ್ಯಾರೇಜಿನವರು. ಅತ್ತೆಯ ಗಂಡ, ಅಂದರೆ ಮಾವ, ಮಾನೇಸರದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವರು. ಇಳಿಸುವ ಬದಲು ಹೊಸದೊಂದು ಪುಟ್ಟ ಕಾರು ಕೊಂಡರು. ಹಳೆಯದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ಮಲಗಿತು. ಅತ್ತೆ ಕಚೇರಿಗೆ ಚಾರ್ಟರ್ಡ್ ಬಸ್ಸು ಹಿಡಿದಳು.

ಅದರ ಮೇಲೆ ಮನೆಯಲ್ಲಿ ಜಗಳ ಹುಟ್ಟಲು ಕಾರಣನಾದವನು ಒಬ್ಬ ರೆಸ್ಟೋರೆಂಟಿನ ಮಾಲೀಕ. ಊರಿನಲ್ಲಿ ಮಾಲುಗಳು ಏಳುತ್ತಿದ್ದ ಕಾಲ ಅದು. ಅಂಥದೊಂದರಲ್ಲಿ ಅವನು ಹಳೆಯ ಢಾಬಾದ ವೇಷದ ಹೋಟೆಲು ತೆರೆಯುವವನಿದ್ದ. ಅತ್ತೆಯ ಕಾರಿನ ಮೇಲ್ಛಾವಣಿ ಕತ್ತರಿಸಿ, ಒಳಗೆ ಸೋಫಾ ಕೂರಿಸಿ, ಬಾನೆಟ್ಟಿನ ಮೇಲೆ ತಟ್ಟೆ ಇಡುವ ಯೋಜನೆ. ಊಟದ ಹೊತ್ತಿಗೆ ಮಾವ ಸುದ್ದಿ ತಂದರು.

"ಸತ್ತ ಗಾಡಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು ಹೇಳು ವಿಮಲಾ. ಜನ ಅದರಲ್ಲಿ ಕೂತು ದಾಲ್ ಮಖನಿ ತಿಂತಾರೆ."

"ಸತ್ತಿದೆ ಅನ್ನೋದನ್ನ ಯಾರು ಸಾಬೀತು ಮಾಡಿದ್ರು ಮಾವ? ಬಿಚ್ಚೇ ನೋಡಿಲ್ಲವಲ್ಲ" ಎಂದೆ ನಾನು.

"ಬಂದ್ರು ವಕೀಲರು. ಹಾಗಾದ್ರೆ ಬದುಕಿದೆ ಅಂತ ನೀವು ಸಾಬೀತು ಮಾಡಿ."

ಸಾಬೀತುಪಡಿಸುವ ಹೊಣೆ ಯಾರದು ಎಂಬ ಬಗ್ಗೆ ನಾನು ಸಾಕಷ್ಟು ಹೇಳಬಲ್ಲೆ, ಹೇಳಿದೆ ಕೂಡ. ಅತ್ತೆ ಚಪಾತಿ ಮಡಚಿಟ್ಟು ಇಬ್ಬರನ್ನೂ ನೋಡಿದಳು. "ಹೋಳಿಯ ಹಿಂದಿನ ಭಾನುವಾರ ಅವನು ಕ್ರೇನ್ ತರ್ತಾನಂತೆ. ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಕೊಡಲ್ಲ. ಆಗದಿದ್ರೆ ಕೊಡ್ತೀನಿ, ಆಮೇಲೆ ಯಾರೂ ಅದರ ಮಾತೆತ್ತಬಾರದು. ಈಗ ಊಟ ಮಾಡಿ."

ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನಾನು ಈ ಕೆಲಸಕ್ಕೆ ಇಳಿದದ್ದು ಪ್ರೀತಿಯಿಂದಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಪರವೋ ವಿರೋಧವೋ ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ಬಿದ್ದ ಪಕ್ಷವನ್ನು ಹಿಡಿದು ಗೆಲ್ಲುವುದಷ್ಟೇ ನಮ್ಮ ಕೆಲಸ. ಹಳೆಯ ವಸ್ತುಗಳ ಮೇಲಿನ ಮಮಕಾರವನ್ನು ನಾನು ಅನುಮಾನದಿಂದಲೇ ನೋಡುತ್ತಿದ್ದೆ, ಈಗಲೂ ನೋಡುತ್ತೇನೆ. ಕಬ್ಬಿಣಕ್ಕೆ ನೆನಪಿಲ್ಲ, ನೆನಪಿರುವುದು ನಮಗೆ, ಅದೂ ನಮಗೆ ಬೇಕಾದಷ್ಟು. ಅತ್ತೆಯದೂ ಅಂಥ ಒಂದು ಮಮಕಾರ, ಕ್ಷಮಿಸಬಹುದಾದ ದೌರ್ಬಲ್ಯ, ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಮಾವನ 'ಸತ್ತಿದೆ' ಎಂಬ ಮಾತನ್ನು ಸೋಲಿಸುವುದು.

ನನ್ನ ಪಾಲಿಗೆ ತಸ್ನೀಮ್ ಇದ್ದಳು. ತುಮಕೂರಿನವಳು, ದೆಹಲಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಎಂ.ಟೆಕ್ ಓದುತ್ತಿದ್ದಳು, ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಅಂತರಕಾಲೇಜು ಚರ್ಚೆಗಳಲ್ಲಿ ನನ್ನ ಎದುರಾಳಿ. "ಸಿಂಧು, ನನಗೆ ಇಂಜಿನ್ ಗೊತ್ತಿರೋದು ಪುಸ್ತಕದಲ್ಲಿ ಕಣೇ. ನಾನು ಇವತ್ತಿನವರೆಗೆ ಒಂದು ಬೋಲ್ಟ್ ಬಿಚ್ಚಿಲ್ಲ" ಎಂದಳು. ನಾನು ಎರಡೂ ಗೊತ್ತಿಲ್ಲದವಳು. ಹೀಗೆ ಇಬ್ಬರೂ ಸೇರಿ ಅರ್ಧ ಮೆಕ್ಯಾನಿಕ್ಕಾಗಿ ಕೆಲಸ ಹಿಡಿದೆವು.

ಪಾರ್ಕಿಂಗಿನಲ್ಲಿ ಬಾನೆಟ್ ಕಳಚಿದೆವು, ನೀರು ಇಳಿಸಿದೆವು, ಎಣ್ಣೆ ಇಳಿಸಿದೆವು, ರೇಡಿಯೇಟರ್ ತೆಗೆದೆವು, ವೈರುಗಳಿಗೆಲ್ಲ ಬಣ್ಣಬಣ್ಣದ ಹೊಲಿಗೆ ದಾರ ಕಟ್ಟಿದೆವು. ಟೆಂಟ್ ಹೌಸಿನಿಂದ ಶಾಮಿಯಾನಾದ ಕಬ್ಬಿಣದ ಕಂಬಗಳನ್ನು ತರಿಸಿ ಮುಕ್ಕಾಲಿಯಂತೆ ನಿಲ್ಲಿಸಿ, ಅದಕ್ಕೆ ಭಾರ ಎತ್ತುವ ಬಾಡಿಗೆಯ ಚೈನ್ ಬ್ಲಾಕ್ ತೂಗುಹಾಕಿದೆವು. ಸೊಸೈಟಿಯ ಕಾರ್ಯದರ್ಶಿ ಕೆಳಗಿಳಿದು ಬಂದು ಇದು ಪಾರ್ಕಿಂಗ್, ವರ್ಕ್‌ಶಾಪ್ ಅಲ್ಲ ಎಂದರು. ಇಲ್ಲಿ ಕಾರು ನಿಲ್ಲಿಸಬೇಕೆಂದು ನಿಯಮವಿದೆ, ಕಾರಿನೊಳಗೆ ಇಂಜಿನ್ ಇರಬೇಕೆಂದು ಎಲ್ಲಿದೆ ಎಂದು ನಾನು ಕೇಳಿದೆ. ಅವರು ನಿಯಮ ನೋಡಲು ಮೇಲೆ ಹೋದವರು ಮತ್ತೆ ಬರಲಿಲ್ಲ. ಸರಪಳಿ ಎಳೆಯುತ್ತಿದ್ದಂತೆ ಇಂಜಿನ್ ಅಂಗುಲ ಅಂಗುಲವಾಗಿ ತನ್ನ ಗೂಡಿನಿಂದ ಎದ್ದಿತು. ಎದ್ದು ಗಾಳಿಯಲ್ಲಿ ಒಂದು ಸಣ್ಣ ಸುತ್ತು ತಿರುಗಿ, ಜಿಡ್ಡಿನ ಒಂದು ಹನಿಯನ್ನು ತಸ್ನೀಮಳ ಬೂಟಿನ ಮೇಲೆ ಬಿಟ್ಟು, ಸುಮ್ಮನೆ ತೂಗಿತು. ಇಷ್ಟು ವರ್ಷ ಒಂದು ಮನೆಯ ಓಡಾಟವನ್ನೆಲ್ಲ ಹೊತ್ತ ಯಂತ್ರ ಇಷ್ಟೇ ಇಷ್ಟು, ಒಂದು ದೊಡ್ಡ ಹಂಡೆಯಷ್ಟು. ನನಗೆ ಸ್ವಲ್ಪ ನಿರಾಶೆಯೇ ಆಯಿತೆನ್ನಬೇಕು.

ದೊಡ್ಡ ಭಾಗಗಳು ಗಾಜಿಯಾಬಾದಿನ ಲೇತ್ ಅಂಗಡಿಗೆ ಹೋದವು: ಸವೆದ ಸಿಲಿಂಡರುಗಳನ್ನು ಕೊರೆದು ನುಣುಪು ಮಾಡಲು, ಇಂಜಿನ್ನಿನ ತಿರುಗುವ ದಂಡ ಕ್ರ್ಯಾಂಕ್‌ಶಾಫ್ಟಿಗೆ ಸಾಣೆ ಹಿಡಿಯಲು. ಹೊಸ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟುಗಳನ್ನು ಕಾಶ್ಮೀರಿ ಗೇಟಿನ ಸಂದುಗಳಲ್ಲಿ ಹುಡುಕಿ ತಂದೆವು. ಸಣ್ಣ ಭಾಗಗಳು ಲಿಫ್ಟಿನಲ್ಲಿ ಮೇಲೆ ಬಂದು ನಮ್ಮ ಬಾಲ್ಕನಿಯನ್ನು ಆಕ್ರಮಿಸಿದವು. ಅಲ್ಲಿ ಒಂದು ಸಂಪ್ರದಾಯ ಹುಟ್ಟಿತು, ಅದನ್ನು ವಿವರಿಸಲೇಬೇಕು, ಏಕೆಂದರೆ ಎಲ್ಲ ಅನಾಹುತಕ್ಕೂ ಅದೇ ಮೂಲ.

ನಮ್ಮಿಬ್ಬರಿಗೂ ಒಮ್ಮತವಿಲ್ಲದ ಪ್ರತಿಯೊಂದು ಪ್ರಶ್ನೆಯನ್ನೂ ಚರ್ಚೆಯಿಂದ ತೀರ್ಮಾನಿಸುವುದು. ಹಳೆಯ ವಾಲ್ವುಗಳನ್ನೇ ಉಜ್ಜಿ ಹಾಕುವುದೋ ಹೊಸದು ತರುವುದೋ. ಸೋರದಂತೆ ಭಾಗಗಳ ನಡುವೆ ಹಾಕುವ ಗ್ಯಾಸ್ಕೆಟ್ಟಿಗೆ ಅಂಟು ಬಳಿಯುವುದೋ ಬೇಡವೋ. ಒಬ್ಬಳು ಪರ, ಒಬ್ಬಳು ವಿರೋಧ. ಅಡುಗೆಮನೆಯಲ್ಲಿ ಕುಕ್ಕರು ಕೂತಿರುತ್ತಿತ್ತು. ಒಂದು ಸೀಟಿಯಿಂದ ಮುಂದಿನ ಸೀಟಿಯವರೆಗೆ ಒಬ್ಬೊಬ್ಬರ ಸಮಯ. ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತ ತೀರ್ಪು ಕೊಡುತ್ತಿದ್ದಳು. ಇಂಜಿನಿಯರಿಂಗಿನ ಪ್ರಶ್ನೆಗಳನ್ನು ಹೀಗೆ ತೀರ್ಮಾನಿಸಿದವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಅಪಾಯವೆಂದರೆ, ತೀರ್ಪುಗಳೆಲ್ಲ ಸರಿಯಾಗಿಯೇ ಬಂದವು. ವಾಲ್ವಿನಲ್ಲಿ ನಾನು ಗೆದ್ದೆ, ಗೆದ್ದದ್ದು ಸರಿಯಾಗಿತ್ತು. ಅಂಟಿನಲ್ಲಿ ಅವಳು ಗೆದ್ದಳು, ಅದೂ ಸರಿಯಾಗಿತ್ತು. ಮಾವ ಭಾನುವಾರದ ಪತ್ರಿಕೆಯ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದರು. "ನಾನು ವಿರೋಧ ಪಕ್ಷ, ಮಾತಾಡಬಾರದು. ಆದ್ರೂ ಇಂಜಿನ್ ಮೇಲಿನ ಹೆಡ್ಡಿನ ಬೋಲ್ಟ್ ಬಿಗಿಸುವಾಗ ಮಧ್ಯದಿಂದ ಹೊರಗಡೆಗೆ ಬನ್ನಿ, ತುದಿಯಿಂದ ಶುರುಮಾಡಬೇಡಿ" ಎಂದು ಒಮ್ಮೆ ಹೇಳಿ ಮತ್ತೆ ಪತ್ರಿಕೆ ಎತ್ತಿಕೊಂಡರು.

ಈ ನಡುವೆ ರೆಸ್ಟೋರೆಂಟಿನವನು ತನ್ನ ಸೋಫಾದ ಅಳತೆ ತೆಗೆಯಲು ಬಂದ. ಹೊದಿಕೆ ಎತ್ತಿ, ಬಾನೆಟ್ ಇಲ್ಲದ, ಇಂಜಿನ್ ಇಲ್ಲದ ಖಾಲಿ ಹೊಟ್ಟೆಯನ್ನು ನೋಡಿ ಅವನ ಮುಖ ಅರಳಿತು. "ಅರೇ ವಾಹ್, ಇಂಜಿನ್ ಭೀ ನಿಕಾಲ್ ದಿಯಾ? ಮೇರಾ ಕಾಮ್ ಆಸಾನ್ ಕರ್ ದಿಯಾ" ಎಂದ. ಅವನ ಪಾಲಿನ ಕೆಲಸವನ್ನು ನಾವೇ ಮಾಡಿಕೊಟ್ಟೆವೆಂದು ಅವನು ಕೃತಜ್ಞನಾಗಿದ್ದ. ತಸ್ನೀಮ್ ಸ್ಪ್ಯಾನರ್ ಹಿಡಿದೇ ನಮಸ್ಕಾರ ಮಾಡಿದಳು. ಅವನು ಹೋದ ಮೇಲೆ ಅತ್ತೆ ಆ ಖಾಲಿ ಜಾಗವನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಕಣ್ಣು ಒದ್ದೆಯಾಗಿದೆಯೇ ಎಂದು ನಾನು ನೋಡಿದೆ. ಇರಲಿಲ್ಲ. ಅವಳ ಮುಖದಲ್ಲಿದ್ದದ್ದು ಸಿಟ್ಟು. ಮಮಕಾರದ ಸಿದ್ಧಾಂತಕ್ಕೆ ಅದು ಹೊಂದುತ್ತಿರಲಿಲ್ಲ; ಹೊಂದದ ಸಾಕ್ಷಿಯನ್ನು ನಾನು ಸದ್ಯಕ್ಕೆ ಪಕ್ಕಕ್ಕಿಟ್ಟೆ.

ಮರುವಾರ, ಬಾಲ್ಕನಿಯಲ್ಲಿ ವಾಲ್ವುಗಳನ್ನು ಉಜ್ಜುವ ಕೆಲಸ. ಅಂಚಿಗೆ ಮರಳಿನಂಥ ಪೇಸ್ಟು ಹಚ್ಚಿ, ಹಿಡಿಕೆಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಆಡಿಸಿ, ಜಾಗಕ್ಕೂ ವಾಲ್ವಿಗೂ ಒಂದೇ ಸಮನಾದ ಬೂದು ಬಣ್ಣದ ಉಂಗುರ ಮೂಡುವವರೆಗೆ ಉಜ್ಜಬೇಕು. ಬುದ್ಧಿಗೆ ಕೆಲಸವಿಲ್ಲದ ಇಂಥ ಕೆಲಸದಲ್ಲಿ ಬಾಯಿ ತಾನಾಗಿ ಓಡುತ್ತದೆ.

"ಮಾವನ ಕಾರು ಭಾನುವಾರ ಪೂರ್ತಿ ಸುಮ್ಮನೆ ನಿಂತಿರುತ್ತಲ್ಲ ಅತ್ತೆ. ಅದನ್ನ ಯಾಕೆ ಓಡಿಸಲ್ಲ ನೀನು?"

"ಓಡಿಸಿದ್ದೆ. ಎಡಗೈ ಗೇರು ಹಾಕೋಕೆ ಸ್ಟೀರಿಂಗ್ ಹತ್ತಿರ ಹೋಯ್ತು. ಅಲ್ಲಿ ವೈಪರ್ ಇತ್ತು. ಸಿಗ್ನಲ್ಲಲ್ಲಿ, ಉರಿ ಬಿಸಿಲು, ನಾನು ವೈಪರ್ ಆಡಿಸ್ಕೊಂಡು ನಿಂತಿದೀನಿ. ಹಿಂದೆ ಬಸ್ಸಿನೋನು ಹಾರ್ನ್ ಹೊಡೀತಾನೆ. ಹೊಡೆದಷ್ಟೂ ಕೈ ಅಲ್ಲಿಗೇ ಹೋಗುತ್ತೆ."

"ಅದು ಅಭ್ಯಾಸ. ಹದಿನೈದು ದಿನದಲ್ಲಿ ಕಲಿತುಬಿಡಬಹುದು."

"ನೀನು ಕಲಿಸ್ತೀಯಾ? ನಿನಗೆ ಸೈಕಲ್ ಬಿಟ್ಟು ಏನೂ ಬರಲ್ಲ." ಬಟಾಣಿಯ ಸಿಪ್ಪೆಯೊಂದನ್ನು ನನ್ನ ಕಡೆಗೆ ಎಸೆದಳು. "ನಿಮ್ಮ ಮಾವ ಕಲಿಸೋಕೆ ಬಂದ್ರು. ಖಾಲಿ ಮೈದಾನಕ್ಕೆ ಕರ್ಕೊಂಡು ಹೋಗಿ, ಪಕ್ಕದಲ್ಲಿ ಕೂತು, ಇದು ಕ್ಲಚ್ಚು, ಇದು ಬ್ರೇಕು ಅಂತ ತೋರಿಸಿದ್ರು. ಇಷ್ಟು ವರ್ಷ ಈ ಊರಿನ ಟ್ರಾಫಿಕ್ಕಲ್ಲಿ ಓಡಿಸಿದೋಳಿಗೆ. ಇಳಿದು ಬಂದುಬಿಟ್ಟೆ."

"ಡ್ರಾಪ್ ಮಾಡ್ತಾರಲ್ಲ ಅವರು."

"ಪಾಪ, ಮಾಡ್ತಾರೆ. ಎಲ್ಲಿಗೆ, ಎಷ್ಟು ಹೊತ್ತಾಗುತ್ತೆ, ವಾಪಸ್ ಯಾವಾಗ, ಕೇಳ್ತಾರೆ. ಕೇಳೋದು ತಪ್ಪಲ್ಲ ಕಣೇ, ಡ್ರಾಪ್ ಮಾಡೋರು ಕೇಳಲೇಬೇಕು." ಅವಳು ಇನ್ನೊಂದು ಹಿಡಿ ಬಟಾಣಿ ಮಡಿಲಿಗೆ ಎಳೆದುಕೊಂಡಳು. "ಮೊದಲು ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟು ಗಾಡಿ ತಿರುಗಿಸಿದ್ರೆ ಎಲ್ಲಿಗೆ ಅಂತ ನನಗೇ ಗೊತ್ತಿರ್ತಿರಲಿಲ್ಲ. ಒಂದು ಸಲ ಮೂರು ಗಂಟೆ ದಾರಿ, ಮೊರಾದಾಬಾದ್ ತನಕ ಹೋಗಿ ಟೀ ಕುಡಿದು ಬಂದಿದೀನಿ. ಈಗ ಮೂಲಂಗಿ ತರೋಕೆ ಹೋದ್ರೂ ಹೇಳಿ ಹೋಗ್ತೀನಿ. ಮೂರು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ."

ನಾನು ಉಜ್ಜುವುದನ್ನು ನಿಲ್ಲಿಸಿರಲಿಲ್ಲ. ಉಂಗುರ ಪೂರ್ತಿ ಮೂಡಿ ಬಹಳ ಹೊತ್ತಾಗಿತ್ತು. ನೋಡಿ, ನಾನು ಅವಳ ಮೇಲೆ ಹೊರಿಸಿದ್ದ ಭಾವನೆ ನಿನ್ನೆಯದು. ಅವಳಿಗೆ ಬೇಕಾಗಿದ್ದದ್ದು ಮುಂದಿನ ಶನಿವಾರ. ಹೊದಿಕೆ ಎತ್ತಿ ಹಳೆಯ ಕಾರನ್ನು ನೋಡುತ್ತ ನಿಲ್ಲುವ ಹೆಂಗಸು ಎಂಬ ಒಂದೇ ದೃಶ್ಯಕ್ಕೆ ಎರಡು ಅರ್ಥಗಳು ಸಮನಾಗಿ ಹೊಂದುತ್ತವೆ, ನಾನು ಮೊದಲು ಸಿಕ್ಕಿದ್ದನ್ನು ಕೈಗೆತ್ತಿಕೊಂಡಿದ್ದೆ. ಅಂದಿನಿಂದ ಪಣ ಬದಲಾಯಿತು. ಮಾವನನ್ನು ಸೋಲಿಸುವುದು ಸಣ್ಣ ವಿಷಯವಾಯಿತು. ಈ ಇಂಜಿನ್ ಎದ್ದರೆ ಅತ್ತೆ ಹೇಳದೆ ಹೋಗಬಲ್ಲಳು, ಏಳದಿದ್ದರೆ ಹೇಳಿಯೇ ಹೋಗಬೇಕು, ನಿವೃತ್ತಿಯವರೆಗೂ, ಅದರಾಚೆಗೂ.

ಇಷ್ಟು ತಿಳಿದ ಮೇಲೂ ಅದೇ ತಪ್ಪನ್ನು ನಾನು ಇನ್ನೊಮ್ಮೆ ಮಾಡಿದೆ, ಈ ಬಾರಿ ಕಬ್ಬಿಣದಲ್ಲಿ.

ಇಂಜಿನ್ ಜೋಡಣೆ ಮುಗಿದು, ಮತ್ತೆ ಕಾರಿನೊಳಗೆ ಇಳಿದು, ಕೊನೆಯ ಕೆಲಸವಾಗಿ ಡಿಸ್ಟ್ರಿಬ್ಯೂಟರ್ ಕೂರಿಸುವುದಿತ್ತು. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗಬೇಕೆಂದು ಹಂಚುವ ಸಾಧನ ಅದು. ಮೊದಲನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬಂದಾಗ ಅದನ್ನು ಕೂರಿಸಬೇಕು. ತುದಿಗೆ ಬಂದಿದೆಯೆಂದು ತಿಳಿಸಲು ಇಂಜಿನ್ನಿನ ಮುಂದಿನ ಬೆಲ್ಟಿನ ಚಕ್ರದ ಮೇಲೆ ಒಂದು ಗೀರು ಇದೆ. ಗೀರನ್ನು ಗುರುತಿಗೆ ತಂದು ನಿಲ್ಲಿಸಿದೆ.

"ತುದಿಗೆ ಬಂದಿದೆ ಸರಿ, ಆದ್ರೆ ಯಾವ ಸಲದ ತುದಿ?" ಎಂದಳು ತಸ್ನೀಮ್. "ನಾಲ್ಕು ಹೊಡೆತದಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ ಕಣೇ. ಒಂದು ಸಲ ಆವಿಯನ್ನ ಒತ್ತೋಕೆ, ಇನ್ನೊಂದು ಸಲ ಹೊಗೆಯನ್ನ ಹೊರಗೆ ತಳ್ಳೋಕೆ. ನಮಗೆ ಬೇಕಾಗಿರೋದು ಒತ್ತೋ ಸಲದ್ದು."

ನಾವು ಚರ್ಚೆ ಮಾಡಿದೆವು. ಮೇಲೆ ಹೋಗಿ, ಕುಕ್ಕರಿನ ಸಮಯಕ್ಕೆ ಸರಿಯಾಗಿ. ನಾನು ಆ ದಿನ ಅದ್ಭುತವಾಗಿ ಮಾತಾಡಿದೆ, ಇದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಕಾರು ತಯಾರಿಸಿದವರು ಒಂದೇ ಗೀರು ಹಾಕಿರುವಾಗ ಎರಡು ತುದಿಗಳಿವೆಯೆಂದು ಅನುಮಾನಿಸುವುದು ಅನುಮಾನಕ್ಕಾಗಿ ಅನುಮಾನ. ಎಲ್ಲಿಯಾದರೂ ಒಂದೆಡೆ ಗುರುತನ್ನು ಗುರುತೆಂದು ನಂಬದಿದ್ದರೆ ಯಾವ ಯಂತ್ರವನ್ನೂ ಜೋಡಿಸಲಾಗದು. ಜೋಡಿಸುವಾಗ ನಾನು ಎಣಿಸಿಕೊಂಡೇ ತಿರುಗಿಸಿದ್ದೇನೆ. ತಸ್ನೀಮ್ ತನ್ನ ಪಾಲಿನ ಸೀಟಿ ಕೂಗುವ ಮೊದಲೇ ನಕ್ಕುಬಿಟ್ಟಳು. ಅತ್ತೆ, "ಮಾತಿನಲ್ಲಿ ಸಿಂಧುದೇ ಸರಿ" ಎಂದಳು. ಮಾತಿನಲ್ಲಿ ಎಂಬ ಪದವನ್ನು ನಾನು ಗಮನಿಸಬೇಕಿತ್ತು.

ಕ್ರೇನ್ ಬರುವ ಹಿಂದಿನ ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಬ್ಯಾಟರಿ ಮಾತ್ರ ಇರಲಿಲ್ಲ. ಅತ್ತೆ ಮಾವನನ್ನು ಕೇಳದೆ ಅವರ ಕಾರಿನದ್ದನ್ನು ಬಿಚ್ಚಿಸಿ ಕೊಟ್ಟಳು. ಅವಳೇ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಗರಗರ ತಿರುಗಿತು, ಒಂದು ಕ್ಷಣ ತಡೆಯಿತು, ಆಮೇಲೆ ಗಾಳಿಗೆ ಪೆಟ್ರೋಲು ಬೆರೆಸಿ ಒಳಗೆ ಕಳಿಸುವ ಕಾರ್ಬುರೇಟರಿನ ಬಾಯಿಂದ ಢಂ ಎಂದು ಸದ್ದು, ಒಂದು ನಾಲಿಗೆ ಬೆಂಕಿ. ಪಾರ್ಕಿಂಗಿನ ಪಾರಿವಾಳಗಳೆಲ್ಲ ಎದ್ದವು. ಮತ್ತೆ ತಿರುಗಿಸಿದಳು, ಮತ್ತೆ ಢಂ. ಮೆಟ್ಟಿಲ ಬಳಿ ಮಾವ ಬಂದು ನಿಂತಿದ್ದರು.

"ವಕೀಲರೇ, ನಿಮ್ಮ ಸಾಕ್ಷಿ ತಿರುಗಿಬಿತ್ತು ಅನ್ಸುತ್ತೆ."

ಪೆಟ್ರೋಲು ಹೆಚ್ಚಾಗಿದೆ ಎಂದೆ ನಾನು, ಕಾರ್ಬುರೇಟರಿನ ದೋಷ ಎಂದೆ, ಹಳೆಯ ಪ್ಲಗ್ ಎಂದೆ. ಒಂದಾದ ಮೇಲೊಂದು ವಾದ ತಾನಾಗಿ ಬರುತ್ತಿತ್ತು. ಅತ್ತೆ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದಕ್ಕೆ ಮೊದಲೂ ಕೆಮ್ಮು ಇತ್ತು. ಆದ್ರೆ ಅದು ಹಿಂದಿನಿಂದ, ಸೈಲೆನ್ಸರಿನಿಂದ ಬರ್ತಿತ್ತು. ಮುಂದಿನಿಂದ ಯಾವತ್ತೂ ಬಂದಿದ್ದಿಲ್ಲ" ಎಂದು ಹೇಳಿ, ಬಾಗಿಲು ಮೆತ್ತಗೆ ಹಾಕಿ, ಮೇಲೆ ಹೋದಳು. ಬಾಗಿಲಿನ ಆ ಮೆತ್ತಗಿನ ಸದ್ದು ನನಗೆ ಸ್ಫೋಟಕ್ಕಿಂತ ಜೋರಾಗಿ ಕೇಳಿಸಿತು.

ತಸ್ನೀಮಳ ಮುಖ ನೋಡಿದೆ. ಅವಳು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒಳ್ಳೆಯ ಎದುರಾಳಿಗಳು ಆ ಸಮಯದಲ್ಲಿ ಹೀಗೇ ಏನಾದರೊಂದನ್ನು ಒರೆಸುತ್ತಾರೆ. ನಾನೇ ಹೇಳಿದೆ, ಜೋರಾಗಿ ಯೋಚಿಸುತ್ತ: ಬೆಂಕಿ ಮುಂದಿನಿಂದ, ಅಂದರೆ ಗಾಳಿ ಒಳಬರುವ ವಾಲ್ವಿನ ಬಾಗಿಲಿನಿಂದ ಬಂತೆಂದರೆ ಕಿಡಿ ಬಿದ್ದಾಗ ಆ ಬಾಗಿಲು ತೆರೆದಿತ್ತು. ಒತ್ತುವ ತುದಿಯಲ್ಲಿ ಎರಡೂ ಬಾಗಿಲು ಮುಚ್ಚಿರಬೇಕು. ಹೊಗೆ ತಳ್ಳಿದ ತುದಿಯಲ್ಲಾದರೆ ಒಳಬಾಗಿಲು ಆಗತಾನೆ ತೆರೆಯುತ್ತಿರುತ್ತದೆ. ಅಂದರೆ ನಾವು ಕಿಡಿಯನ್ನು ಕೊಟ್ಟದ್ದು ತಪ್ಪು ತುದಿಗೆ.

"ಅಂದ್ರೆ?" ಎಂದಳು ತಸ್ನೀಮ್, ಸಭ್ಯವಾಗಿ.

"ಅಂದ್ರೆ ಗೀರು ಸುಳ್ಳು ಹೇಳಿಲ್ಲ. ಪಿಸ್ಟನ್ ಮೇಲಿದೆ ಅಂತ ಹೇಳಿತ್ತು, ಅಷ್ಟೇ. ಮಿಕ್ಕಿದ್ದನ್ನ ನಾನು ಹೇಳಿದ್ದು."

"ಚಲೋ, ಬೆಳಿಗ್ಗೆ ಬೇಗ ಬರ್ತೀನಿ. ಹೆಬ್ಬೆರಳು ತೊಳ್ಕೊಂಡಿರು" ಎಂದಳು ಅವಳು, ಚಾದರ ಕೊಡವಿ ಹೊದ್ದುಕೊಳ್ಳುತ್ತ.

ಇಲ್ಲಿ ನನ್ನ ಪರವಾಗಿ ಒಂದು ಮಾತು. ವಾದದಿಂದ ಏನೂ ಪ್ರಯೋಜನವಿಲ್ಲ, ಕೈ ಮಾಡುವ ಕೆಲಸವೇ ಸತ್ಯ ಎಂಬ ನೀತಿಯನ್ನು ಇದರಿಂದ ಹಿಂಡಲು ಹೊರಡುವವರಿದ್ದಾರೆ. ಮಾವನೂ ಅಂದು ಊಟದ ಹೊತ್ತಿಗೆ ಹಿಂಡಿದರು. ನಾನು ಒಪ್ಪುವುದಿಲ್ಲ. ತಪ್ಪು ಮಾಡಿಸಿದ್ದು ವಾದವಾದರೆ ತಪ್ಪನ್ನು ಹಿಡಿದದ್ದೂ ವಾದವೇ. ಬೆಂಕಿ ಯಾವ ಬಾಗಿಲಿನಿಂದ ಬಂತೆಂಬುದರಿಂದ ಹೊರಟು ಒಂದೊಂದೇ ಹೆಜ್ಜೆಯಾಗಿ ಕಾರಣಕ್ಕೆ ತಲುಪಿದೆವು, ಯಾವ ಕೈಚಳಕವೂ ಇರಲಿಲ್ಲ. ವ್ಯತ್ಯಾಸ ಇಷ್ಟೇ. ಗೆಲ್ಲಲು ವಾದಿಸುವಾಗ ನನ್ನ ಮಾತಿಗೆ ಹೊಂದುವ ಸಾಕ್ಷಿ ಸಿಕ್ಕೊಡನೆ ಹುಡುಕುವುದನ್ನು ನಿಲ್ಲಿಸುತ್ತೇನೆ. ಅದೇ ಸಾಕ್ಷಿ ಎದುರಾಳಿಯ ಮಾತಿಗೂ ಹೊಂದುತ್ತದೆಯೇ ಎಂದು ಕೇಳುವುದಿಲ್ಲ. ಸಂದೇಹವಾದಿ ಎಂದು ಹೆಮ್ಮೆಪಡುವ ನಾವು ಊರವರ ನಂಬಿಕೆಗಳನ್ನೆಲ್ಲ ಸಂದೇಹಿಸುತ್ತೇವೆ, ನಮ್ಮ ಸಂದೇಹವನ್ನು ಮಾತ್ರ ಭಕ್ತಿಯಿಂದ ಕಾಪಾಡಿಕೊಳ್ಳುತ್ತೇವೆ. ನಾನು ವಾದ ಬಿಡಲಿಲ್ಲ. ಎರಡನೆಯ ತುದಿಯನ್ನು ಕೇಳುವುದನ್ನು ಸೇರಿಸಿಕೊಂಡೆ. ಇದರಿಂದ ಸೋಲುಗಳು ಸ್ವಲ್ಪ ಹೆಚ್ಚಾಗಿವೆ, ಆದರೆ ಗೆದ್ದ ಮೇಲೆ ಢಂ ಎನ್ನುವುದು ಕಡಿಮೆಯಾಗಿದೆ.

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಗೇಟಿನ ಬಳಿ ನಿಂತಿತ್ತು. ಮೊದಲನೆಯ ಪ್ಲಗ್ ಬಿಚ್ಚಿ ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ; ತಸ್ನೀಮ್ ಬೆಲ್ಟಿನ ಚಕ್ರವನ್ನು ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿದಳು. ಗೀರು ಒಮ್ಮೆ ಗುರುತಿಗೆ ಬಂತು, ಬೆರಳಿಗೆ ಏನೂ ತಿಳಿಯಲಿಲ್ಲ. ಇನ್ನೊಂದು ಸುತ್ತು. ಈ ಬಾರಿ ಗೀರು ಹತ್ತಿರ ಬರುತ್ತಿದ್ದಂತೆ ಗಾಳಿ ಬೆರಳನ್ನು ಎತ್ತಿ ಎಸೆಯುವಂತೆ ಒತ್ತಿ, ಅಂಚಿನಿಂದ ಪುಸ್ಸೆಂದು ಹೊರಬಂತು. ಕಣ್ಣಿಗೆ ಎರಡೂ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಡಿಸ್ಟ್ರಿಬ್ಯೂಟರನ್ನು ಮೇಲೆತ್ತಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಕೂರಿಸಿದೆವು.

ಅತ್ತೆಯನ್ನು ಕರೆದೆ. ಸ್ವೆಟರಿನ ಮೇಲೆ ಶಾಲು ಹೊದ್ದು, ಮನೆಯ ಚಪ್ಪಲಿಯಲ್ಲೇ ಬಂದಳು. ಹಿಂದಿನಿಂದ ಮಾವ, ಕೈಯಲ್ಲಿ ಚಹಾದ ಲೋಟ. ಕೀಲಿ ತಿರುಗಿತು. ಇಂಜಿನ್ ಎರಡು ಸುತ್ತು ಯೋಚಿಸಿ ಹಿಡಿದುಕೊಂಡಿತು. ಮೊದಲು ಒಡೆದ ದನಿಯಲ್ಲಿ, ಆಮೇಲೆ ಹೊಗೆ ತಿಳಿಯಾಗುತ್ತಿದ್ದಂತೆ ಒಂದೇ ಸಮನಾಗಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಸ್ನೀಮ್ ಜಿಡ್ಡಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಹತ್ತಿರ ಒಂದು ಪುಟ್ಟ ಭಾಷಣ ಸಿದ್ಧವಿತ್ತು, ಸಾಬೀತುಪಡಿಸುವ ಹೊಣೆಯಿಂದ ಶುರುವಾಗಿ ಮಾವನ ಬೇಷರತ್ ಶರಣಾಗತಿಯಲ್ಲಿ ಮುಗಿಯುವಂಥದ್ದು.

"ಅತ್ತೆ, ಹತ್ತು ನಿಮಿಷ ಬಿಸಿ ಆಗಲಿ. ಹೊಸ ಪಿಸ್ಟನ್ನು, ಜೋರಾಗಿ ಓಡಿಸಬಾರದು" ಎಂದೆ.

"ನಿಧಾನಕ್ಕೇ ಹೋಗ್ತೀನಿ" ಎಂದಳು. ಎಡಗೈ ಮೇಲಕ್ಕೆ ಹೋಗಿ ಸ್ಟೀರಿಂಗಿನ ಪಕ್ಕದ ಕಡ್ಡಿಯನ್ನು ನೋಡದೆಯೇ ಹಿಡಿದು ಗೇರಿಗೆ ಎಳೆಯಿತು. ಬಾನೆಟ್ಟಿಲ್ಲದ ಕಾರು ಕಂಬಗಳ ನಡುವಿನಿಂದ ಹೊರಬಂದು, ಗೇಟಿನಲ್ಲಿ ಒಂದು ಕ್ಷಣ ನಿಂತು, ಎಡಕ್ಕೆ ತಿರುಗಿತು. ಸ್ವಲ್ಪ ಹೊತ್ತು ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಗಾರ್ಡು ಎದ್ದು ನಿಂತು ಮತ್ತೆ ಕೂತ.

ಅರ್ಧ ಗಂಟೆಯಲ್ಲಿ ಕ್ರೇನ್ ಬಂತು. ರೆಸ್ಟೋರೆಂಟಿನವನು ಖಾಲಿ ಜಾಗವನ್ನೂ, ಅಲ್ಲಿದ್ದ ಎಣ್ಣೆಯ ಕಲೆಯನ್ನೂ, ಗೋಡೆಗೆ ಒರಗಿದ್ದ ಬಾನೆಟ್ಟನ್ನೂ ನೋಡಿ, ಗಾಡಿ ಎಲ್ಲಿ ಎಂದು ಮಾವನನ್ನು ಕೇಳಿದ.

"ಮೇಡಂ ಲೇ ಗಯೀ" ಎಂದರು ಮಾವ, ಮೇಡಂ ತೆಗೆದುಕೊಂಡು ಹೋದರೆಂದು.

"ಲೇ ಗಯೀ? ಚಲ್ತೀ ಹೈ ವೋ?" ಅವನಿಗೆ ಅದು ಓಡುತ್ತದೆಂಬುದೇ ನಂಬಲಾಗಲಿಲ್ಲ. ಕ್ರೇನಿನವನು ಗಂಟೆಯ ಬಾಡಿಗೆಯವನು. ನಿಮ್ಮ ಕಾರಿನಲ್ಲಿ ಹೋಗಿ ಕರೆತರೋಣ ಎಂದು ರೆಸ್ಟೋರೆಂಟಿನವನು ಮಾವನ ಹೊಸ ಕಾರಿನ ಕಡೆ ನೋಡಿದ. ಮಾವ ಚಹಾ ಕುಡಿದು ಮುಗಿಸಿದರು. ಅದರ ಬ್ಯಾಟರಿಯೂ ಮೇಡಂ ಹತ್ತಿರವೇ ಇದೆ ಎಂದರು.

"ಕಹಾಂ ಗಯೀ ಹೈಂ? ಕಬ್ ತಕ್ ಆಯೇಂಗೀ?"

ಎಲ್ಲಿಗೆ, ವಾಪಸ್ ಯಾವಾಗ. ನಾನೂ ತಸ್ನೀಮೂ ಒಬ್ಬರನ್ನೊಬ್ಬರು ನೋಡಿಕೊಂಡು ಮಾವನ ಕಡೆ ತಿರುಗಿದೆವು. ಮಾವ ಗೇಟಿನಾಚೆಯ ರಸ್ತೆಯನ್ನು ನೋಡುತ್ತಿದ್ದರು. ಮಂಜು ಕರಗಿ ಅಲ್ಲೀಗ ಬಿಸಿಲು ಬಿದ್ದಿತ್ತು. ಅವರ ಮುಖದಲ್ಲಿ ಸೋತವರ ಕಳೆಯನ್ನು ನಾನು ಶ್ರದ್ಧೆಯಿಂದ ಹುಡುಕಿದೆ, ಸಿಗಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಎಲ್ಲಿ ಎಂದು ಯಾರಾದರೂ ಕೇಳಿದಾಗ ಕೊಡುತ್ತಿದ್ದ ಉತ್ತರವನ್ನೇ ಕೊಡುವವರಂತೆ, ಸ್ವಲ್ಪ ನಗುತ್ತ ಹೇಳಿದರು:

"ಬತಾ ಕೇ ನಹೀಂ ಗಯೀ." ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ಕನ್ನಡದಲ್ಲಿ, "ಹೇಳಿ ಹೋಗಿಲ್ಲಮ್ಮ."